ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್ – ಕತೆಯ ಎಳೆ ಕೈತಪ್ಪದ ಹಾಗೆ ಆಡಲು ಸಮಗ್ರ ಮಾರ್ಗದರ್ಶಿ

ಬಳ್ಳಾರಿಯಲ್ಲಿ ಕೂತು ಈ ಆಟ ಆಡುವ ನನಗೆ ರಾಯಚೂರು, ಕೊಪ್ಪಳದ ಗೆಳೆಯರಿಂದ ಪದೇ ಪದೇ ಬರುವ ಮಾತು ಒಂದೇ. "ಅಣ್ಣ, ಹತ್ತು ದಿನ ಆಡಿದೆ. ಆಮೇಲೆ ಏನ್ ನಡ್ಯಾಕತ್ತೈತೋ ತಿಳೀವಲ್ದು, ಬಿಟ್ಟೆ." ಕೇಳಿದಾಗೆಲ್ಲ ಬೇಜಾರಾಗುತ್ತದೆ. ಅವರು ಸೋತದ್ದು ಶತ್ರುಗಳ ಕೈಯಲ್ಲಲ್ಲ. ಒಬ್ಬರು ಡೌನ್‌ಲೋಡ್‌ನಲ್ಲೇ ಸೋತಿದ್ದಾರೆ, ಇನ್ನೊಬ್ಬರು ಸಬ್‌ಟೈಟಲ್ ಹಾಕಿಕೊಂಡಿಲ್ಲ, ಮತ್ತೊಬ್ಬರು ಕತೆಯ ಅರ್ಧಕ್ಕೇ ಮುಂದಿನ ಭಾಗಕ್ಕೆ ಹಾರಿದ್ದಾರೆ.

ಇದು ಇಂಟರ್ನೆಟ್ ಮೂಲಕ ಆಡುವ ಕಂಪ್ಯೂಟರ್ ಆಟ, ಇದರಲ್ಲಿ ಕತೆಯೇ ಮುಖ್ಯ. ಎಂಟು ಪಾತ್ರಗಳಿವೆ, ಒಂದೊಂದಕ್ಕೂ ಬೇರೆ ಕತೆ. ಎಲ್ಲ ಮಾತನ್ನೂ ಧ್ವನಿ ಕಲಾವಿದರು ಆಡಿದ್ದಾರೆ. ಏನು ಉತ್ತರ ಕೊಡಬೇಕು ಎಂದು ಆರಿಸುವವರು ನೀವು. ಹಾಗಾಗಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಶುರು ಮಾಡುವ ಮೊದಲು ಬೇಕಾದದ್ದು

ವಿಂಡೋಸ್ ಇರುವ ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಬೇಕು. ಮೊಬೈಲ್‌ನಲ್ಲಿ ಈ ಆಟ ಇಲ್ಲ. 8 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿ. ಡಿಸ್ಕ್‌ನಲ್ಲಿ 50 ಜಿಬಿಗಿಂತ ಜಾಸ್ತಿ ಜಾಗ ಖಾಲಿ ಇರಲಿ. ಸಾಧ್ಯವಾದರೆ ಎಸ್‌ಎಸ್‌ಡಿ ಮೇಲೇ ಹಾಕಿ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಒಂದು ಗ್ರಹದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಕಾಯುತ್ತಾ ಕೂರಬೇಕಾಗುತ್ತದೆ.

ಎರಡು ಬಟನ್ ಮತ್ತು ಚಕ್ರ ಇರುವ ಮಾಮೂಲಿ ಮೌಸ್ ಒಂದು ಬೇಕೇ ಬೇಕು. ಟಚ್‌ಪ್ಯಾಡ್‌ನಲ್ಲಿ ಆಡಲು ಹೋಗಬೇಡಿ. ಹೆಡ್‌ಫೋನ್ ಕೂಡ ಇರಲಿ. ಮನೆಯಲ್ಲಿ ಫ್ಯಾನ್ ಐದರ ಮೇಲೆ ತಿರುಗುತ್ತಿರುವಾಗ ಸ್ಪೀಕರ್‌ನ ಇಂಗ್ಲಿಷ್ ಮಾತು ಸರಿಯಾಗಿ ಕೇಳುವುದಿಲ್ಲ.

ನಮ್ಮ ಊರುಗಳಿಗೆ ಇನ್ನೆರಡು ಸಾಮಾನು ಸೇರಿಸಬೇಕು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ಇಂಟರ್ನೆಟ್ ರೌಟರ್ ಕೂಡ ಯುಪಿಎಸ್ ಅಥವಾ ಇನ್ವರ್ಟರ್ ಲೈನ್ ಮೇಲೇ ಇರಲಿ. ಕಂಪ್ಯೂಟರ್ ಉಳಿದು ರೌಟರ್ ಆಫ್ ಆದರೆ ಪ್ರಯೋಜನ ಇಲ್ಲ, ಆಟ ಆ ಕ್ಷಣಕ್ಕೇ ಕಡಿದುಹೋಗುತ್ತದೆ.

## ಹಂತ 1: ಖಾತೆ ಒಂದೇ ಮಾಡಿ, ಸರಿಯಾದ ಇಮೇಲ್ ಕೊಡಿ

ಆಟವನ್ನು ಎರಡು ದಾರಿಯಲ್ಲಿ ಪಡೆಯಬಹುದು. ಒಂದು, ಆಟದ ಅಧಿಕೃತ ಜಾಲತಾಣದ ಲಾಂಚರ್, ಅಂದರೆ ಆಟವನ್ನು ಇಳಿಸಿ ತೆರೆಯುವ ತಂತ್ರಾಂಶ. ಇನ್ನೊಂದು ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿ, 2020ರ ಜುಲೈಯಿಂದ ಅಲ್ಲಿಯೂ ಸಿಗುತ್ತದೆ. ಹೊಸಬರಿಗೆ ನಾನು ಸ್ಟೀಮನ್ನೇ ಹೇಳುತ್ತೇನೆ. ಡೌನ್‌ಲೋಡ್ ಅರ್ಧಕ್ಕೆ ನಿಂತರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಫೈಲ್ ಕೆಟ್ಟಿದ್ದರೆ ಹುಡುಕಿ ಸರಿ ಮಾಡುತ್ತದೆ.

ಇಲ್ಲಿ ಆಗುವ ತಪ್ಪು ಏನೆಂದರೆ, ಮೊದಲು ಜಾಲತಾಣದಲ್ಲಿ ಒಂದು ಖಾತೆ, ಆಮೇಲೆ ಸ್ಟೀಮ್‌ನಲ್ಲಿ ಇನ್ನೊಂದು ಹೊಸ ಖಾತೆ ಮಾಡಿಬಿಡುವುದು. ಎರಡರ ಪಾತ್ರಗಳೂ ಬೇರೆ ಬೇರೆ. ಒಂದರಲ್ಲಿ ಆಡಿದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಮೊದಲೇ ಖಾತೆ ಇದ್ದರೆ, ಸ್ಟೀಮ್‌ನಿಂದ ಮೊದಲ ಸಲ ತೆರೆದಾಗ ಆ ಹಳೆಯ ಖಾತೆಯನ್ನೇ ಜೋಡಿಸಿ.

ಇಮೇಲ್ ವಿಷಯದಲ್ಲಿ ಉದಾಸೀನ ಬೇಡ. ಲಾಗಿನ್ ಆಗುವಾಗ ಒಂದು ಬಾರಿಯ ಪಾಸ್‌ವರ್ಡ್ ಇಮೇಲ್‌ಗೆ ಬರುತ್ತದೆ. ನಾನು ಮೊದಲ ಸಲ ಕಾಲೇಜು ದಿನಗಳ ಹಳೆಯ ಐಡಿ ಕೊಟ್ಟಿದ್ದೆ. ಅದರ ಪಾಸ್‌ವರ್ಡ್ ಮರೆತಿತ್ತು. ಮೂರು ವಾರ ಆಡಿದ ಪಾತ್ರ ಹಾಗೇ ಹೋಯಿತು. ಇವತ್ತು ನಿಮ್ಮ ಫೋನಿನಲ್ಲಿ ತೆರೆದಿರುವ ಇಮೇಲ್ ಯಾವುದೋ ಅದನ್ನೇ ಕೊಡಿ.

## ಹಂತ 2: ಡೌನ್‌ಲೋಡ್ – ಲೆಕ್ಕ ಹಾಕಿಕೊಂಡು ಶುರು ಮಾಡಿ

ಫೋನಿನ ಹಾಟ್‌ಸ್ಪಾಟ್‌ನಲ್ಲಿ ಡೌನ್‌ಲೋಡ್‌ಗೆ ಹಾಕಬೇಡಿ. ದಿನಕ್ಕೆ 2 ಜಿಬಿ ಸಿಗುವ ಪ್ಯಾಕ್‌ನಲ್ಲಿ 50 ಜಿಬಿ ಇಳಿಯಲು 25 ದಿನ ಬೇಕು. ಅಷ್ಟರಲ್ಲಿ ಆಟದ ಹೊಸ ಅಪ್‌ಡೇಟ್ ಬಂದಿರುತ್ತದೆ. 40 ಎಂಬಿಪಿಎಸ್ ಫೈಬರ್ ಇದ್ದರೆ ಅದೇ ಕೆಲಸ ಮೂರು ಗಂಟೆಯೊಳಗೆ ಮುಗಿಯಬಹುದು. ನಿಮ್ಮ ಮನೆಯಲ್ಲಿ ಫೈಬರ್ ಇಲ್ಲದಿದ್ದರೆ ಗೆಳೆಯರ ಮನೆಗೆ ಲ್ಯಾಪ್‌ಟಾಪ್ ಒಯ್ದು ಇಳಿಸಿಕೊಂಡು ಬನ್ನಿ. ಆಡುವಾಗ ಅಷ್ಟೊಂದು ಡೇಟಾ ಬೇಕಾಗುವುದಿಲ್ಲ. ದೊಡ್ಡ ಖರ್ಚು ಈ ಮೊದಲ ಇಳಿಕೆಯದ್ದೇ.

ರಾತ್ರಿ ಮಲಗುವ ಮುಂಚೆ ಶುರು ಮಾಡಿ. ಕಂಪ್ಯೂಟರ್ ತಾನಾಗಿ ನಿದ್ದೆಗೆ ಜಾರದ ಹಾಗೆ ಪವರ್ ಸೆಟ್ಟಿಂಗ್ ಬದಲಿಸಿ. ಎಷ್ಟೋ ಜನ ಬೆಳಗ್ಗೆ ಎದ್ದು 4 ಜಿಬಿ ಮಾತ್ರ ಇಳಿದಿರುವುದನ್ನು ನೋಡಿ ನೆಟ್‌ವರ್ಕ್‌ಗೆ ಬೈಯುತ್ತಾರೆ. ತಪ್ಪು ಸ್ಲೀಪ್ ಮೋಡ್‌ನದು.

ಎಚ್ಚರಿಕೆಯ ಗುರುತು: ಆಟ ತೆರೆದ ತಕ್ಷಣ ಮುಚ್ಚಿಕೊಂಡರೆ, ಅಥವಾ ಒಂದೇ ಗ್ರಹಕ್ಕೆ ಹೋಗುವಾಗ ಪ್ರತಿ ಸಲ ನಿಂತರೆ, ಯಾವುದೋ ಫೈಲ್ ಅರ್ಧಂಬರ್ಧ ಇಳಿದಿದೆ. ಇಡೀ ಆಟ ಅಳಿಸಬೇಡಿ. ಸ್ಟೀಮ್‌ನಲ್ಲಿ ಆಟದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಫೈಲ್ ಪರಿಶೀಲನೆಯ ಆಯ್ಕೆ ಒತ್ತಿ. ಕೆಟ್ಟದ್ದನ್ನು ಮಾತ್ರ ಮತ್ತೆ ಇಳಿಸಿಕೊಳ್ಳುತ್ತದೆ.

ಇನ್ನೊಂದು ವಿಷಯ. ಸರ್ವರ್‌ಗಳ, ಅಂದರೆ ಆಟ ನಡೆಸುವ ದೂರದ ಕಂಪ್ಯೂಟರ್‌ಗಳ, ದುರಸ್ತಿ ಸಾಮಾನ್ಯವಾಗಿ ಮಂಗಳವಾರ, ನಮ್ಮ ಸಂಜೆಯ ಹೊತ್ತಿಗೆ ನಡೆಯುತ್ತದೆ. ಆಗ ಲಾಗಿನ್ ಆಗದಿದ್ದರೆ ಏನನ್ನೂ ಮುಟ್ಟಬೇಡಿ. ರಾತ್ರಿ ಊಟ ಮುಗಿಸಿ ಬನ್ನಿ.

## ಹಂತ 3: ಸರ್ವರ್ ಆರಿಸಿ

ಭಾರತದಲ್ಲಿ ಸರ್ವರ್ ಇಲ್ಲ. ಅಮೆರಿಕಕ್ಕೆ ಸ್ಟಾರ್ ಫೋರ್ಜ್ ಮತ್ತು ಸಟೀಲ್ ಶಾನ್ ಇವೆ. ಯುರೋಪಿಗೆ ಡಾರ್ತ್ ಮಾಲ್ಗಸ್, ತುಲಕ್ ಹೋರ್ಡ್, ಲೆವಯಥನ್. 2023ರಲ್ಲಿ ಏಷ್ಯಾ-ಪೆಸಿಫಿಕ್ ಆಟಗಾರರಿಗಾಗಿ ಆಸ್ಟ್ರೇಲಿಯಾದಲ್ಲಿ ಶೇ ವಿಜ್ಲಾ ಬಂತು. ತುಲಕ್ ಹೋರ್ಡ್‌ನಲ್ಲಿ ಜರ್ಮನ್, ಲೆವಯಥನ್‌ನಲ್ಲಿ ಫ್ರೆಂಚ್ ಮಾತಾಡುವವರು ಜಾಸ್ತಿ. ಹಾಗಾಗಿ ನಮಗೆ ಉಳಿಯುವುದು ಡಾರ್ತ್ ಮಾಲ್ಗಸ್ ಅಥವಾ ಶೇ ವಿಜ್ಲಾ.

ಹೆಸರು ನೋಡಿ ಆರಿಸಬೇಡಿ. ಎರಡರಲ್ಲೂ ಒಂದೊಂದು ಪರೀಕ್ಷೆಯ ಪಾತ್ರ ಮಾಡಿ, ನೀವು ದಿನಾ ಆಡುವ ಹೊತ್ತಿನಲ್ಲೇ ಅರ್ಧ ಗಂಟೆ ಆಡಿ ನೋಡಿ. ಬಟನ್ ಒತ್ತಿದ ಮೇಲೆ ಹೊಡೆತ ಬೀಳಲು ತಡವಾಗುತ್ತಿದೆಯಾ? ಓಡುವಾಗ ಪಾತ್ರ ಹಿಂದಕ್ಕೆ ಎಳೆದ ಹಾಗೆ ಆಗುತ್ತದೆಯಾ? ಯಾವುದರಲ್ಲಿ ಇದು ಕಡಿಮೆಯೋ ಅದರಲ್ಲೇ ನೆಲೆ ನಿಲ್ಲಿ. ಒಂದೇ ಓಣಿಯ ಇಬ್ಬರಿಗೂ ಬೇರೆ ಬೇರೆ ಕಂಪನಿಯ ಇಂಟರ್ನೆಟ್ ಇದ್ದರೆ ಉತ್ತರ ಬೇರೆ ಬರಬಹುದು. ಗೆಳೆಯರ ಜೊತೆ ಆಡುವ ಯೋಚನೆ ಇದ್ದರೆ ಎಲ್ಲರೂ ಮೊದಲೇ ಮಾತಾಡಿಕೊಂಡು ಒಂದೇ ಸರ್ವರ್ ಹಿಡಿಯಿರಿ. ಆಮೇಲೆ ಪಾತ್ರವನ್ನು ಬೇರೆ ಸರ್ವರ್‌ಗೆ ಸಾಗಿಸಲು ಕಾರ್ಟೆಲ್ ಕಾಯಿನ್ ಎಂಬ ಆಟದ ನಾಣ್ಯಗಳು ಖರ್ಚಾಗುತ್ತವೆ.

## ಹಂತ 4: ಸಬ್‌ಟೈಟಲ್ ಮತ್ತು ಗ್ರಾಫಿಕ್ಸ್ – ಪಾತ್ರ ಹೆಜ್ಜೆ ಇಡುವ ಮೊದಲು

ಈ ಹಂತ ಬಿಟ್ಟವರೇ ಜಾಸ್ತಿ. ಆಟ ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಮಾತ್ರ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ಕಿವಿಗೆ ಬಿದ್ದದ್ದು ಅಷ್ಟು ಬೇಗ ಹತ್ತುವುದಿಲ್ಲ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಾನೂ ಹಾಗೇ ಶುರು ಮಾಡಿದವನು. ಎಸ್ಕೇಪ್ ಕೀ ಒತ್ತಿ, ಪ್ರಿಫರೆನ್ಸಸ್‌ಗೆ ಹೋಗಿ, ಮಾತುಕತೆಯ ಸಬ್‌ಟೈಟಲ್ ಆನ್ ಮಾಡಿ. ಬೇರೆ ಗ್ರಹದ ಜೀವಿಗಳ ಮಾತಿಗೆ ಮೊದಲಿನಿಂದಲೂ ಅಕ್ಷರ ಬರುತ್ತದೆ. ಅದನ್ನು ನೋಡಿ ಸಬ್‌ಟೈಟಲ್ ಆನ್ ಇದೆ ಅಂದುಕೊಳ್ಳಬೇಡಿ. ಮನುಷ್ಯರು ಮಾತಾಡುವಾಗಲೂ ಅಕ್ಷರ ಬರುತ್ತಿದೆಯಾ ಎಂದು ನೋಡಿ.

ಆಮೇಲೆ ಹಿನ್ನೆಲೆ ಸಂಗೀತ ಕಡಿಮೆ ಮಾಡಿ, ಮಾತಿನ ಧ್ವನಿ ಜಾಸ್ತಿ ಮಾಡಿ.

ಗ್ರಾಫಿಕ್ಸ್‌ನಲ್ಲಿ ಮೊದಲು ಕೈ ಹಾಕಬೇಕಾದದ್ದು ನೆರಳಿಗೆ. ನೆರಳು ಆಫ್ ಮಾಡಿದರೆ ಸಾದಾ ಲ್ಯಾಪ್‌ಟಾಪ್ ಕೂಡ ಹಗುರಾಗುತ್ತದೆ. ಆಮೇಲೆ ಗಿಡ-ಹುಲ್ಲು ಕಾಣುವ ದೂರ ಇಳಿಸಿ. ಕಂಟ್ರೋಲ್, ಶಿಫ್ಟ್, ಎಫ್ ಒಟ್ಟಿಗೆ ಒತ್ತಿದರೆ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿವೆ ಎಂದು ಮೂಲೆಯಲ್ಲಿ ಕಾಣುತ್ತದೆ. 30ಕ್ಕಿಂತ ಕೆಳಗೆ ಇಳಿಯದಿದ್ದರೆ ಕತೆ ಆಡಲು ಸಾಕು.

ಎಚ್ಚರಿಕೆಯ ಗುರುತು: ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ನಿಧಾನವಾದರೆ ತೊಂದರೆ ಆಟದ್ದಲ್ಲ, ಬಿಸಿಯದ್ದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಗೊತ್ತೇ ಇದೆ. ಅದರ ಮೇಲೆ ಸಂಡೂರು ಕಡೆಯ ಕೆಂಪು ದೂಳು. ಲ್ಯಾಪ್‌ಟಾಪ್ ಫ್ಯಾನಿನ ರಂಧ್ರಗಳಲ್ಲಿ ಅದು ಪದರ ಕಟ್ಟುತ್ತದೆ. ಬೇಸಿಗೆ ಶುರುವಾಗುವ ಮುಂಚೆ ಒಮ್ಮೆ ಬಿಚ್ಚಿಸಿ ಸ್ವಚ್ಛ ಮಾಡಿಸಿ. ಹಾಸಿಗೆ ಮೇಲೆ ಇಟ್ಟು ಆಡಬೇಡಿ. ಮಧ್ಯಾಹ್ನ ಬಿಟ್ಟು ರಾತ್ರಿ ಆಡಿ.

## ಹಂತ 5: ಮೊದಲ ಕತೆ ಯಾವುದು?

ಕತೆಯಲ್ಲಿ ಕಾದಾಡುವ ಎರಡು ಕಡೆಗಳಿವೆ: ರಿಪಬ್ಲಿಕ್, ಮತ್ತು ಖಳರ ಕಡೆಯಾದ ಎಂಪೈರ್. ಜೆಡೈ ಎಂದರೆ ರಿಪಬ್ಲಿಕ್ ಕಡೆಯ ಯೋಧರು, ಸಿತ್ ಅವರ ಎದುರಾಳಿಗಳು. ರಿಪಬ್ಲಿಕ್ ಕಡೆ ನಾಲ್ಕು ಕತೆ: ಜೆಡೈ ನೈಟ್, ಜೆಡೈ ಕಾನ್ಸುಲರ್, ಸ್ಮಗ್ಲರ್, ಟ್ರೂಪರ್. ಎಂಪೈರ್ ಕಡೆ ನಾಲ್ಕು: ಸಿತ್ ವಾರಿಯರ್, ಸಿತ್ ಇನ್‌ಕ್ವಿಸಿಟರ್, ಬೌಂಟಿ ಹಂಟರ್, ಇಂಪೀರಿಯಲ್ ಏಜೆಂಟ್.

ಎಲ್ಲರೂ ಏಜೆಂಟ್ ಕತೆ ಅದ್ಭುತ ಅಂತಾರೆ. ನಿಜ, ನನಗೂ ಅದೇ ಇಷ್ಟ. ಆದರೆ ಮೊದಲನೆಯದಾಗಿ ಅದನ್ನು ಹಿಡಿಯಬೇಡಿ. ಅದು ಗೂಢಚಾರನ ಕತೆ. ಹಟ್ಟಾ ಎಂಬ ಗ್ರಹದಲ್ಲಿ ಬೇರೊಬ್ಬನ ಹೆಸರು ಹೊತ್ತುಕೊಂಡೇ ಶುರುವಾಗುತ್ತದೆ. ಒಂದು ಮಾತಿಗೆ ಎರಡು ಅರ್ಥ, ಒಬ್ಬೊಬ್ಬರಿಗೆ ಎರಡು ಮುಖ. ಇಂಗ್ಲಿಷ್ ಮಾತಿನ ಧಾಟಿ ಕಿವಿಗೆ ಒಗ್ಗುವ ಮುಂಚೆ ಹೋದರೆ ಒಳ್ಳೆಯ ತಿರುವುಗಳೆಲ್ಲ ಕೈತಪ್ಪುತ್ತವೆ. ಅಂಥ ಕತೆ ಹಾಗೆ ಹಾಳಾಗಬಾರದು.

ಮೊದಲಿಗೆ ಟ್ರೂಪರ್ ಅಥವಾ ಜೆಡೈ ನೈಟ್ ತಗೊಳ್ಳಿ. ಟ್ರೂಪರ್ ಸೈನಿಕ. ಎದುರಿಗಿರುವವರು ನೇರವಾಗಿ ಆದೇಶ ಕೊಡುತ್ತಾರೆ, ವಾಕ್ಯಗಳು ಚಿಕ್ಕವು. ಜೆಡೈ ನೈಟ್‌ನದು ಗುರು-ಶಿಷ್ಯರ ಕತೆಯಾಗಿ ಟೈಥಾನ್ ಗ್ರಹದಲ್ಲಿ ಶುರುವಾಗುತ್ತದೆ. ಆ ಸಂಬಂಧ ನಮಗೆ ಹೊಸದಲ್ಲ, ಅಲ್ವಾ? ಖಳರ ಕಡೆ ಆಡಲು ಆಸೆ ಇದ್ದರೆ ಇನ್‌ಕ್ವಿಸಿಟರ್ ತಗೊಳ್ಳಿ. ಗುಲಾಮನಾಗಿ ಶುರುವಾಗಿ ಮೇಲೇರುವ ಕತೆ ಅದು, ಎಳೆ ಸುಲಭವಾಗಿ ಸಿಗುತ್ತದೆ.

ಕತೆ ಬೇರೆ, ಹೊಡೆದಾಡುವ ಶೈಲಿ ಬೇರೆ ಎಂಬುದನ್ನು ಪಾತ್ರ ಮಾಡುವಾಗ ಗಮನದಲ್ಲಿಡಿ. 2022ರಿಂದ ಇವೆರಡನ್ನೂ ಬೇರೆ ಬೇರೆಯಾಗಿ ಆರಿಸಬೇಕು. ಆರಿಸಿದ ಕತೆಯನ್ನು ಆ ಪಾತ್ರಕ್ಕೆ ಆಮೇಲೆ ಬದಲಿಸಲು ಆಗುವುದಿಲ್ಲ.

ಎಚ್ಚರಿಕೆ: ಪಾತ್ರವನ್ನು ನೇರವಾಗಿ ದೊಡ್ಡ ಲೆವೆಲ್‌ಗೆ ಏರಿಸುವ ಟೋಕನ್ ಕೈಗೆ ಬಂದರೂ ಮೊದಲ ಪಾತ್ರಕ್ಕೆ ಬಳಸಬೇಡಿ. ಅದು ನಿಮ್ಮ ಮೂಲ ಕತೆಯನ್ನೇ ದಾಟಿಸಿ ಎಲ್ಲೋ ಮಧ್ಯದಲ್ಲಿ ನಿಲ್ಲಿಸುತ್ತದೆ.

## ಹಂತ 6: ಮಾತುಕತೆ ಆಡುವ ಕ್ರಮ

ಈ ಒಂದು ಹಂತ ಸರಿಯಾದರೆ ಆಟ ನಿಮ್ಮದಾಯಿತು.

ಯಾರಾದರೂ ಮಾತಾಡಿದ ಮೇಲೆ ಪರದೆಯಲ್ಲಿ ಉತ್ತರಗಳ ಚಕ್ರ ಬರುತ್ತದೆ. ಹೆಚ್ಚಾಗಿ ಮೂರು ಆಯ್ಕೆ. ಅಲ್ಲಿ ಬರೆದಿರುವುದು ಚುಟುಕು ಸುಳಿವು ಮಾತ್ರ, ನಿಮ್ಮ ಪಾತ್ರ ಬಾಯಿಬಿಟ್ಟು ಆಡುವ ಮಾತು ಬೇರೆ. ಕೆಲವು ಸಲ ಸುಳಿವು ಸೌಮ್ಯವಾಗಿ ಕಂಡರೂ ಮಾತು ಖಾರವಾಗಿ ಬರುತ್ತದೆ. ಬೆಳಕಿನ (ಒಳ್ಳೆಯತನದ) ಅಥವಾ ಕತ್ತಲೆಯ (ಕೆಟ್ಟತನದ) ಗುರುತು ಇರುವ ಆಯ್ಕೆ ನಿಮ್ಮ ಪಾತ್ರವನ್ನು ಆ ಕಡೆಗೆ ವಾಲಿಸುತ್ತದೆ.

ಒಬ್ಬರೇ ಆಡುತ್ತಿದ್ದರೆ ಉತ್ತರ ಕೊಡಲು ಆತುರ ಇಲ್ಲ. ಒಗ್ಗರಣೆ-ಮಿರ್ಚಿ ಬಂತು ಅಂತ ಎದ್ದು ಹೋದರೂ ಚಕ್ರ ಕಾಯುತ್ತಿರುತ್ತದೆ. ಆ ಸಮಯ ಬಳಸಿಕೊಳ್ಳಿ. ತಿಳಿಯದ ಪದ ಇದ್ದರೆ ಫೋನಿನಲ್ಲಿ ನೋಡಿ. ಗುಂಪಿನಲ್ಲಿ ಆಡುವಾಗ ಮಾತ್ರ ಸಮಯದ ಮಿತಿ ಇದೆ, ಯಾರ ಉತ್ತರ ನಡೆಯಬೇಕು ಎಂಬುದು ದಾಳ ಉರುಳಿಸಿದ ಹಾಗೆ ತೀರ್ಮಾನವಾಗುತ್ತದೆ.

ಸ್ಪೇಸ್ ಬಾರ್ ಒತ್ತಬೇಡಿ. ಅದು ನಡೆಯುತ್ತಿರುವ ಮಾತನ್ನು ಹಾರಿಸುತ್ತದೆ. ನಾನು ಮೊದಲ ಪಾತ್ರದಲ್ಲಿ ಲೆವೆಲ್ ಬೇಗ ಏರಲಿ ಅಂತ ಅದನ್ನೇ ಒತ್ತುತ್ತಾ ಹೋದೆ. ಯಾರು ಗೆಳೆಯ, ಯಾರು ದ್ರೋಹಿ ಎಂಬುದೇ ತಿಳಿಯಲಿಲ್ಲ. ಕೊನೆಗೆ ಅದೇ ಕತೆಯನ್ನು ಹೊಸ ಪಾತ್ರದಲ್ಲಿ ಮೊದಲಿನಿಂದ ಆಡಿದೆ.

ತಪ್ಪು ಉತ್ತರ ಒತ್ತಿಬಿಟ್ಟರೆ? ಮಾತುಕತೆ ಮುಗಿಯುವ ಮುಂಚೆ ಎಸ್ಕೇಪ್ ಒತ್ತಿ. ಮಾತುಕತೆ ರದ್ದಾಗುತ್ತದೆ. ಅದೇ ವ್ಯಕ್ತಿಯ ಬಳಿ ಮತ್ತೆ ಹೋದರೆ ಮೊದಲಿನಿಂದ ಶುರುವಾಗುತ್ತದೆ. ಮಾತು ಅರ್ಥವಾಗದೇ ಹೋದಾಗಲೂ ಹೀಗೇ ಮಾಡಿ, ಎರಡನೇ ಸಲ ಕೇಳಿದಾಗ ಅರ್ಧಕ್ಕಿಂತ ಜಾಸ್ತಿ ಹತ್ತುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ಹೆದರಬೇಡಿ. ಪಾತ್ರ ಸರ್ವರ್‌ನಲ್ಲಿ ಉಳಿದಿರುತ್ತದೆ. ಮುಗಿಯದ ಮಾತುಕತೆಯೊಂದನ್ನು ಮತ್ತೆ ಆಡಬೇಕಾಗುತ್ತದೆ, ಅಷ್ಟೇ.

ಒಂದು ಸಣ್ಣ ನೋಟ್‌ಬುಕ್ ಪಕ್ಕದಲ್ಲಿರಲಿ. ಆ ದಿನ ನಿಲ್ಲಿಸುವಾಗ ಎರಡು ಸಾಲು ಬರೆಯಿರಿ: ಯಾವ ಗ್ರಹ, ಯಾರನ್ನು ಹುಡುಕುತ್ತಿದ್ದೇನೆ, ಯಾಕೆ. ಹದಿನೈದು ದಿನ ಬಿಟ್ಟು ಬಂದರೂ ಎಳೆ ಸಿಗುತ್ತದೆ.

## ಹಂತ 7: ಗ್ರಹಗಳಲ್ಲಿ ದಾರಿ ತಪ್ಪದಿರಲು

ಎಂ ಒತ್ತಿದರೆ ನಕ್ಷೆ, ಎಲ್ ಒತ್ತಿದರೆ ಕೆಲಸಗಳ ಪಟ್ಟಿ. ನೇರಳೆ ಬಣ್ಣದ ಗುರುತು ಇರುವುದು ನಿಮ್ಮ ಕತೆ ಮತ್ತು ಆ ಗ್ರಹದ ಮುಖ್ಯ ಕತೆ. ಉಳಿದವು ಚಿಲ್ಲರೆ ಕೆಲಸ. ಅವು ನಕ್ಷೆಯಲ್ಲಿ ಮೊದಲಿಗೆ ಕಾಣುವುದೂ ಇಲ್ಲ. ಮೊದಲ ಪಾತ್ರಕ್ಕೆ ನೇರಳೆ ಮಾತ್ರ ಹಿಡಿಯಿರಿ. ಸಿಕ್ಕಸಿಕ್ಕ ಕೆಲಸವನ್ನೆಲ್ಲ ಹಿಡಿದವರು ಮೂರನೇ ಗ್ರಹದಲ್ಲೇ ಸುಸ್ತಾಗಿ ಬಿಡುತ್ತಾರೆ.

ಮೊದಲ ಗ್ರಹ ಮುಗಿದ ಮೇಲೆ ಫ್ಲೀಟ್ ಎಂಬ ಬಾಹ್ಯಾಕಾಶ ನಿಲ್ದಾಣಕ್ಕೆ ಬರುತ್ತೀರಿ. ಹಬ್ಬದ ಹಿಂದಿನ ದಿನದ ಬಸ್ ಸ್ಟ್ಯಾಂಡ್ ಹಾಗೆ ಗದ್ದಲ, ಸುತ್ತ ನೂರೆಂಟು ಅಂಗಡಿ. ಹೊಸಬರು ಇಲ್ಲೇ ಕಳೆದುಹೋಗುತ್ತಾರೆ. ಈಗ ಯಾವ ಅಂಗಡಿಯೂ ಬೇಡ. ನೇರಳೆ ಗುರುತು ಹಿಡಿದು ರಾಜಧಾನಿ ಗ್ರಹಕ್ಕೆ ಹೋಗಿ. ರಿಪಬ್ಲಿಕ್‌ನವರಿಗೆ ಕೊರಸಾಂಟ್, ಎಂಪೈರ್‌ನವರಿಗೆ ಡ್ರೊಮುಂಡ್ ಕಾಸ್. ಅದು ಮುಗಿದಾಗ ನಿಮ್ಮದೇ ಹಡಗು ಸಿಗುತ್ತದೆ. ಅಲ್ಲಿಂದ ಮುಂದೆ ಹಡಗೇ ನಿಮ್ಮ ಮನೆ, ನಕ್ಷತ್ರ ನಕ್ಷೆ ನೋಡಿ ನೀವೇ ಹೊರಡುವುದು. ಫ್ಲೀಟ್‌ನಲ್ಲಿ ಸಿಗುವ ಫ್ಲ್ಯಾಶ್‌ಪಾಯಿಂಟ್‌ಗಳಲ್ಲಿ (ಬೇರೆಯಾಗಿ ಒಳಹೊಕ್ಕು ಆಡುವ ಚಿಕ್ಕ ಸಾಹಸಗಳಲ್ಲಿ) ಮೊದಲನೆಯದನ್ನು ಮಾತ್ರ ಬಿಡಬೇಡಿ: ರಿಪಬ್ಲಿಕ್‌ಗೆ ಎಸಲೀಸ್, ಎಂಪೈರ್‌ಗೆ ಬ್ಲ್ಯಾಕ್ ಟ್ಯಾಲನ್. ಒಬ್ಬರೇ ಆಡುವ ಸ್ಟೋರಿ ಮೋಡ್ ಆರಿಸಿ.

ಜೊತೆಗಾರರ ಬಗ್ಗೆ ಒಂದು ಮಾತು. ಟ್ರೂಪರ್‌ಗೆ ಆರಿಕ್ ಜೋರ್ಗನ್, ಜೆಡೈ ನೈಟ್‌ಗೆ ಟಿ7 ಎಂಬ ಯಂತ್ರ, ಹೀಗೆ ಎಲ್ಲರಿಗೂ ಒಬ್ಬರು ಸಿಗುತ್ತಾರೆ. ಹೊಡೆಯುವುದು, ಪೆಟ್ಟು ತಡೆಯುವುದು, ಗಾಯ ವಾಸಿ ಮಾಡುವುದು, ಈ ಮೂರರಲ್ಲಿ ಯಾವ ಕೆಲಸವನ್ನಾದರೂ ಅವರಿಗೆ ಒಪ್ಪಿಸಬಹುದು. ವಾಸಿ ಮಾಡುವುದನ್ನೇ ಕೊಡಿ. ಜೊತೆಗಾರರ ಚಿತ್ರದ ಪಕ್ಕದ ಸಣ್ಣ ಗುರುತಿನಲ್ಲಿ ಈ ಬದಲಾವಣೆ ಇದೆ. ಸರ್ವರ್ ದೂರ ಇರುವುದರಿಂದ ನಮ್ಮ ಹೊಡೆತ ಸ್ವಲ್ಪ ತಡವಾಗಿ ಬೀಳುತ್ತದೆ. ವಾಸಿ ಮಾಡುವವರು ಪಕ್ಕದಲ್ಲಿದ್ದರೆ ಆ ಕೊರತೆ ತುಂಬುತ್ತದೆ.

ಎಚ್ಚರಿಕೆಯ ಗುರುತು: ಸಣ್ಣ ಪುಟ್ಟ ಶತ್ರುಗಳ ಕೈಯಲ್ಲೂ ಪದೇ ಪದೇ ಸಾಯುತ್ತಿದ್ದರೆ ಜೊತೆಗಾರರನ್ನು ಕರೆದೇ ಇಲ್ಲ, ಅಥವಾ ಹತ್ತು ಲೆವೆಲ್ ಹಿಂದಿನ ಬಟ್ಟೆ-ಆಯುಧ ಇನ್ನೂ ಮೈಮೇಲಿದೆ. ಎನ್ ಒತ್ತಿ ಜೊತೆಗಾರರನ್ನು ನೋಡಿ, ಐ ಒತ್ತಿ ಚೀಲ ನೋಡಿ.

## ಹಂತ 8: ಮೂಲ ಕತೆ ಮುಗಿದ ಮೇಲಿನ ಕ್ರಮ, ಮತ್ತು ದುಡ್ಡು

ಮೂಲ ಕತೆ ಮೂರು ಅಧ್ಯಾಯ. ಕೊರೆಲಿಯಾ ಗ್ರಹದ ನಂತರ ಅದು ಮುಗಿಯುತ್ತದೆ. ಆಮೇಲಿನ ಕ್ರಮ ಹೀಗಿರಲಿ:

1. ಇಲಂ ಗ್ರಹದ ಕತೆ.
2. ರೈಸ್ ಆಫ್ ದಿ ಹಟ್ ಕಾರ್ಟೆಲ್, ಅಂದರೆ ಮಕೇಬ್ ಗ್ರಹ.
3. ಫೋರ್ಜ್ಡ್ ಅಲಯನ್ಸಸ್ ಫ್ಲ್ಯಾಶ್‌ಪಾಯಿಂಟ್‌ಗಳು. ಇವನ್ನು ಬಿಟ್ಟರೆ ಮುಂದಿನದು ಅರ್ಥವೇ ಆಗುವುದಿಲ್ಲ.
4. ಶ್ಯಾಡೋ ಆಫ್ ರೆವಾನ್.
5. ಜಿಯೋಸ್ಟ್.
6. ನೈಟ್ಸ್ ಆಫ್ ದಿ ಫಾಲನ್ ಎಂಪೈರ್, ಆಮೇಲೆ ಎಟರ್ನಲ್ ಥ್ರೋನ್.
7. ಆಸಸ್ ಗ್ರಹ, ಆನ್‌ಸ್ಲಾಟ್, ಲೆಗಸಿ ಆಫ್ ದಿ ಸಿತ್.

ಆರನೆಯದರ ಮುಂದೆ ನಿಂತು ಯೋಚಿಸಿ. ಫಾಲನ್ ಎಂಪೈರ್‌ನಲ್ಲಿ ಕತೆಯ ಕಾಲವೇ ಮುಂದಕ್ಕೆ ಹೋಗುತ್ತದೆ. ನಿಮ್ಮ ಜೊತೆಗಾರರು ಚದುರಿಹೋಗುತ್ತಾರೆ. ಹಿಂದಿನ ಕತೆ ಅರ್ಧಕ್ಕೆ ಬಿಟ್ಟು ಇದನ್ನು ಶುರು ಮಾಡಿದರೆ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಶುರು ಮಾಡುವಾಗ ಎಚ್ಚರಿಕೆಯ ಕಿಟಕಿ ಬರುತ್ತದೆ. ಓದದೇ ಒಪ್ಪಿಗೆ ಒತ್ತಬೇಡಿ. ನನ್ನ ಬಳಿ ಬಂದವರಲ್ಲಿ ಹೆಚ್ಚಿನವರ ಕತೆ ಕೆಟ್ಟದ್ದು ಇದೇ ಜಾಗದಲ್ಲಿ.

ದುಡ್ಡಿನ ಲೆಕ್ಕ ಸರಳ. 60ನೇ ಲೆವೆಲ್‌ವರೆಗೆ ಆಟ ಉಚಿತ, ಹಟ್ ಕಾರ್ಟೆಲ್ ಮತ್ತು ಶ್ಯಾಡೋ ಆಫ್ ರೆವಾನ್ ಎರಡೂ ಅದರಲ್ಲಿ ಸೇರಿವೆ. ಎಂಟು ಮೂಲ ಕತೆಗಳೂ ಉಚಿತ. ತಿಂಗಳುಗಟ್ಟಲೆ ಆಡಬಹುದು. ಉಚಿತ ಆಟಗಾರರು ಕೈಯಲ್ಲಿ ಇಟ್ಟುಕೊಳ್ಳಬಹುದಾದ ಕ್ರೆಡಿಟ್ (ಆಟದೊಳಗಿನ ದುಡ್ಡು) 10 ಲಕ್ಷ ಮಾತ್ರ. ಅದಕ್ಕಿಂತ ಹೆಚ್ಚು ಬಂದರೆ ಬೇರೆ ಕಡೆ ಕಟ್ಟಿಟ್ಟ ಹಾಗೆ ಕೂರುತ್ತದೆ. ಕತೆ ಆಡುವವರಿಗೆ ಅಷ್ಟು ಸಾಕು.

ಚಂದಾ ತಿಂಗಳಿಗೆ 14.99 ಡಾಲರ್. ಮೊದಲ ದಿನವೇ ಕಟ್ಟಬೇಡಿ. ಮೇಲಿನ ಪಟ್ಟಿಯ ಆರನೆಯದರ ಹತ್ತಿರ ಬಂದಾಗ ಒಂದು ತಿಂಗಳು ಕಟ್ಟಿ. ಆವರೆಗೆ ಬಂದಿರುವ ವಿಸ್ತರಣೆಗಳೆಲ್ಲ (ಮೂಲ ಆಟಕ್ಕೆ ಆಮೇಲೆ ಸೇರಿದ ಕತೆಯ ಭಾಗಗಳು) ತೆರೆಯುತ್ತವೆ, ಚಂದಾ ನಿಂತ ಮೇಲೂ ಅವು ನಿಮ್ಮಲ್ಲೇ ಉಳಿಯುತ್ತವೆ. ಕಾರ್ಡ್ ಒಪ್ಪದಿದ್ದರೆ ಗಾಬರಿ ಬೇಡ. 2020ರ ಮಾರ್ಚ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತವೆ. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಆನ್‌ಲೈನ್ ವಹಿವಾಟು ಆನ್ ಮಾಡಿ, ಮಿತಿ ಕಡಿಮೆ ಇಡಿ, ಪಾವತಿ ಆದ ಮೇಲೆ ಮತ್ತೆ ಆಫ್ ಮಾಡಿ. ಸ್ಟೀಮ್ ಮೂಲಕ ಕಟ್ಟುವುದಾದರೆ ಯುಪಿಐ ಕೂಡ ನಡೆಯುತ್ತದೆ.

ಚಂದಾ ಕಟ್ಟಿದ ದಿನವೇ ತಾನಾಗಿ ನವೀಕರಣವಾಗುವ ಆಯ್ಕೆಯನ್ನು ರದ್ದು ಮಾಡಿ. ಉಳಿದ ದಿನಗಳು ಹಾಗೇ ಇರುತ್ತವೆ. ಕ್ರೆಡಿಟ್ ಅಥವಾ ಪಾತ್ರ ಅಗ್ಗಕ್ಕೆ ಮಾರುತ್ತೇವೆ ಎಂದು ಆಟದ ಚಾಟ್‌ನಲ್ಲಿ ಯಾರಾದರೂ ಬಂದರೆ ಉತ್ತರವನ್ನೇ ಕೊಡಬೇಡಿ. ಅಂಥ ಖರೀದಿಗೆ ಖಾತೆಯೇ ಬಂದ್ ಆಗುತ್ತದೆ, ಜೊತೆಗೆ ನೀವು ಆಡಿದ ಕತೆಗಳೂ ಹೋಗುತ್ತವೆ.